ಬೆಳಗಿನ ಹತ್ತು ನಿಮಿಷದ ಸುರಕ್ಷತಾ ಮಾತು: ಅಪಘಾತ ತಪ್ಪಿಸುತ್ತಾ, ಸುಮ್ನೆ ಕಾಗದಕ್ಕಾ?

ಓದುಗರ ಪ್ರಶ್ನೆ:

"ನಾನು ಕೊಡಗಿನ ಅಮ್ಮತ್ತಿ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ (ಹಾಜರಿ, ಲೆಕ್ಕ ಬರೆಯುವ ಕೆಲಸ). ಕರಿಮೆಣಸು ಕೊಯ್ಲು, ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಸಮಯದಲ್ಲಿ 25 ಜನ ಕೆಲಸಕ್ಕೆ ಇರುತ್ತಾರೆ. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಎರವ ಬುಡಕಟ್ಟಿನವರು ಕೆಲವರು, ಅಸ್ಸಾಂನವರು ಹತ್ತು ಹನ್ನೆರಡು ಜನ, ಉಳಿದವರು ಗುತ್ತಿಗೆದಾರರ ಜೀಪಿನಲ್ಲಿ ಬರುವವರು. ಈ ಸಲ ಲೈನ್ ಮನೆ ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ) ತೆಗೆದು ತಡೆಗೋಡೆ ಕಟ್ಟುವ ಕೆಲಸವೂ ನಡೆಯುತ್ತಿದೆ. ಹೋದ ವರ್ಷ ಒಬ್ಬ ಹುಡುಗನ ಅಲ್ಯೂಮಿನಿಯಂ ಏಣಿ ವಾಲಿ, ಕರೆಂಟ್ ತಂತಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಆಮೇಲಿಂದ ಸಾಹುಕಾರರ ಮಗ, ದಿನಾ ಬೆಳಿಗ್ಗೆ ಹತ್ತು ನಿಮಿಷ ಸುರಕ್ಷತೆ ಬಗ್ಗೆ ಹೇಳಿ ಎಲ್ಲರ ಸಹಿ ತಗೋಬೇಕು ಅಂತ ಹಾಳೆ ಪ್ರಿಂಟ್ ಮಾಡಿ ಕೊಟ್ಟಿದ್ದಾರೆ. ನಾನು ಓದುತ್ತೇನೆ, ಅವರು ಮೊಬೈಲ್ ನೋಡುತ್ತಾರೆ. ಅರ್ಧ ಜನಕ್ಕೆ ಕನ್ನಡವೇ ಸರಿಯಾಗಿ ಬರಲ್ಲ. ಸಾಹುಕಾರರು 'ಹತ್ತು ನಿಮಿಷ ಅಂದ್ರೆ 25 ಜನರ ಕೂಲಿ ಲೆಕ್ಕ ಹಾಕು' ಅಂತ ಗೊಣಗುತ್ತಾರೆ. ಇದರಿಂದ ನಿಜವಾಗಿ ಅಪಘಾತ ತಪ್ಪುತ್ತಾ? ನಾಳೆ ಏನಾದರೂ ಆದರೆ, ಸಹಿ ಇದ್ದರೆ ನಾನು ಬಚಾವಾ?"

ಉತ್ತರ:

ನೇರವಾಗಿ ಹೇಳುತ್ತೇನೆ. ಆ ಹಾಳೆ ಓದುವುದರಿಂದ ಅಪಘಾತ ತಪ್ಪಲ್ಲ. ಬೆಳಿಗ್ಗೆ ಜನರ ಜೊತೆ ಮಾತಾಡಿದರೆ ತಪ್ಪಬಹುದು. ನಿಮ್ಮ ತೋಟದಲ್ಲಿ ಈಗ ಓದುವುದು ನಡೆಯುತ್ತಿದೆ, ಮಾತು ಇನ್ನೂ ಶುರುವಾಗಿಲ್ಲ.

ನಾನು ರಸ್ತೆ, ಕಟ್ಟಡ ಕಾಮಗಾರಿಗಳಲ್ಲಿ ಸೇಫ್ಟಿ ಆಫೀಸರ್ ಆಗಿದ್ದವನು. ಈಗ ತೋಟಗಳಿಗೂ ಹೋಗುತ್ತೇನೆ. ದೊಡ್ಡ ಸೈಟುಗಳಲ್ಲಿ ಇದನ್ನು ಟೂಲ್‌ಬಾಕ್ಸ್ ಟಾಕ್ ಅಂತಾರೆ. ಅಲ್ಲೂ ನಿಮ್ಮದೇ ಕಥೆ. ಒಬ್ಬರು ಓದುತ್ತಾರೆ, ಐವತ್ತು ಜನ ನಿಂತು ಆಕಳಿಸುತ್ತಾರೆ, ಕೊನೆಗೆ ರಿಜಿಸ್ಟರ್ ಸುತ್ತಿ ಬರುತ್ತೆ. "ಹೆಲ್ಮೆಟ್ ಹಾಕಿ, ಜಾಗ್ರತೆಯಾಗಿ ಕೆಲಸ ಮಾಡಿ" ಅಂತ ನೂರು ದಿನ ಕೇಳಿದವನಿಗೆ ನೂರಾ ಒಂದನೇ ದಿನ ಅದು ಕಿವಿಗೇ ಬೀಳಲ್ಲ. ಇದರಲ್ಲಿ ಕಾರ್ಮಿಕರ ತಪ್ಪೇನೂ ಇಲ್ಲ.

ಮೊದಲು ಸಾಹುಕಾರರ ಲೆಕ್ಕ ಮುಗಿಸಿಬಿಡೋಣ. 25 ಜನ, ಹತ್ತು ನಿಮಿಷ, ಒಟ್ಟು 250 ನಿಮಿಷ. ನಾಲ್ಕು ಗಂಟೆ ಚಿಲ್ಲರೆ. ಅಂದರೆ ಒಬ್ಬ ಆಳಿನ ಅರ್ಧ ದಿನದ ಕೂಲಿ. ಮಾತನ್ನು ಐದಾರು ನಿಮಿಷಕ್ಕೆ ಇಳಿಸಿದರೆ ಅದರಲ್ಲೂ ಅರ್ಧ. ಇಷ್ಟನ್ನು ಕಾಗದದ ಮೇಲೆ ಬರೆದು ತೋರಿಸಿ. ಹೆಚ್ಚಿನವರು ಅಲ್ಲಿಗೆ ಸುಮ್ಮನಾಗುತ್ತಾರೆ.

ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಆ ಹತ್ತು ನಿಮಿಷ ಯಾರ ಜೇಬಿನಿಂದ ಹೋಗುತ್ತಿದೆ? ನಿಮ್ಮಲ್ಲಿ ಮೆಣಸು ಕೊಯ್ಲು ಕೆಜಿ ಲೆಕ್ಕವಾ, ದಿನದ ಲೆಕ್ಕವಾ ಅಂತ ನೀವು ಬರೆದಿಲ್ಲ. ಗುತ್ತಿಗೆ ಜನ ಇದ್ದಾರೆ ಅಂದಮೇಲೆ ಕೆಜಿ ಲೆಕ್ಕವೇ ಇರಬಹುದು. ಹಾಗಿದ್ದರೆ ನಿಮ್ಮ ಮುಂದೆ ನಿಂತವನಿಗೆ ಪ್ರತಿ ನಿಮಿಷವೂ ನಷ್ಟ. ಅವನು ಮೊಬೈಲ್ ನೋಡುವುದು ಸಮಯ ಗಮನಿಸಲಿಕ್ಕೆ. ಅದೇ ಲೆಕ್ಕ ಅವನನ್ನು ಏಣಿಯನ್ನು ಮರಕ್ಕೆ ಕಟ್ಟದೆ ಹತ್ತುವ ಹಾಗೂ ಮಾಡುತ್ತೆ. ಇಳಿದು ಏಣಿ ಸರಿಸುವ ಬದಲು ಕೈ ಚಾಚಿ ಪಕ್ಕದ ಕೊಂಬೆಯ ಗೊಂಚಲು ಎಳೆಯುವ ಹಾಗೂ ಮಾಡುತ್ತೆ. ಕೆಜಿಗೆ ಇಷ್ಟು ಅಂತ ಹೇಳಿ, ಆಮೇಲೆ ನಿಧಾನವಾಗಿ ಹತ್ತು ಅಂದರೆ ಯಾರು ಕೇಳುತ್ತಾರೆ? ಮಾತಿನ ಸಮಯಕ್ಕೆ, ಏಣಿ ಕಟ್ಟುವ ಸಮಯಕ್ಕೆ ದಿನಕ್ಕೆ ಒಂದಿಷ್ಟು ಅಂತ ಬೇರೆಯಾಗಿ ಕೊಡಿ. ಗುತ್ತಿಗೆದಾರರ ಜೊತೆ ದರ ಮಾತಾಡುವಾಗಲೇ ಇದನ್ನು ಸೇರಿಸಿ. ಇಲ್ಲದಿದ್ದರೆ ಉಳಿದ ಯಾವ ಉಪಾಯವೂ ಹತ್ತು ದಿನಕ್ಕಿಂತ ಜಾಸ್ತಿ ನಡೆಯಲ್ಲ.

ಈಗ ಏಣಿಯ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಆ ಒಂದು ಗೇಣು. ಕೊಡಗಿನಲ್ಲಿ ಮೆಣಸು ಕೊಯ್ಯುವವರು, ಮರಗಸಿ ಮಾಡುವವರು ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಸತ್ತ ಸುದ್ದಿ ಹೊಸದಲ್ಲ. ಬಿದಿರಿನ ಏಣಿ ಭಾರ, ಬೇಗ ಹಾಳಾಗುತ್ತೆ. ಅಲ್ಯೂಮಿನಿಯಂ ಹಗುರ, ಒಬ್ಬನೇ ಹೊತ್ತು ಹೋಗಬಹುದು. ಆ ಹಗುರತನವೇ ಅಪಾಯ. ಒಬ್ಬನೇ ಅದನ್ನು ನೆಟ್ಟಗೆ ನಿಲ್ಲಿಸಿಕೊಂಡು ಒಂದು ಮರದಿಂದ ಇನ್ನೊಂದು ಮರಕ್ಕೆ ನಡೆಯುತ್ತಾನೆ. ಕಣ್ಣು ನೆಲದ ಮೇಲೆ ಇರುತ್ತೆ, ಏಣಿಯ ತುದಿ ಎಲ್ಲಿದೆ ಅಂತ ಕಾಣಲ್ಲ.

ನಿಯಮದ ಪ್ರಕಾರ 11 ಕೆವಿ (11,000 ವೋಲ್ಟ್) ಬರಿ ತಂತಿ ರಸ್ತೆ ಇಲ್ಲದ ಕಡೆ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿ ಇದ್ದರೆ ಸಾಕು. ಅಂದರೆ ಸುಮಾರು 15 ಅಡಿ. ನಿಮ್ಮ ಏಣಿ ಎಷ್ಟು ಉದ್ದ? 20 ಅಡಿಯದ್ದಾದರೂ ಅದನ್ನು ನಿಲ್ಲಿಸಿದ ಕೂಡಲೇ ತಂತಿಗಿಂತ ಮೇಲೆ ಹೋಗುತ್ತೆ. ಇಳಿಜಾರಿನ ತೋಟದಲ್ಲಿ ಮೇಲಿನ ಸಾಲಿನಲ್ಲಿ ನಿಂತರೆ ತಂತಿ ಇನ್ನೂ ಹತ್ತಿರ. ತಂತಿ ಸರಿಯಾದ ಎತ್ತರದಲ್ಲೇ ಇದ್ದರೂ, ಯಾರೂ ಯಾವ ನಿಯಮ ಮುರಿಯದಿದ್ದರೂ ಅಪಘಾತ ಆಗಬಹುದು.

ಈ ವಿಷಯದಲ್ಲಿ ತೋಟಗಳಲ್ಲಿ ನಾನು ಕೇಳುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

"ಕರೆಂಟ್ ಹೋಗಿದೆ, ಈಗ ಹತ್ತು." ತುಂಬಾ ಅಪಾಯದ ಮಾತು ಇದು. ಮನೆಯಲ್ಲಿ ದೀಪ ಇಲ್ಲ ಅಂದರೆ ತೋಟದ ಮೇಲೆ ಹಾದುಹೋಗುವ 11 ಕೆವಿ ತಂತಿ ಸತ್ತಿದೆ ಅಂತಲ್ಲ. ಟ್ರಾನ್ಸ್‌ಫಾರ್ಮರ್ ಹತ್ತಿರ ಫ್ಯೂಸ್ ಹೋಗಿದ್ದರೂ ಮನೆಗೆ ಕರೆಂಟ್ ಇರಲ್ಲ, ಮೇಲಿನ ಲೈನಿನಲ್ಲಿ ಇರುತ್ತೆ. ಪೂರ್ತಿ ಹೋಗಿದ್ದರೂ ಯಾವ ಕ್ಷಣದಲ್ಲಿ ಬರುತ್ತೆ ಅಂತ ಯಾರಿಗೆ ಗೊತ್ತು? ಯಾರದ್ದೋ ಜನರೇಟರ್‌ನಿಂದ ಹಿಂದಕ್ಕೆ ಹರಿದು ಬರುವುದೂ ಉಂಟು. ಲೈನ್‌ಮನ್ ಬಂದು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿ ಕೆಲಸ ಮಾಡುವ ಅನುಮತಿ) ತಗೊಂಡು ಆಫ್ ಮಾಡಿಸಿದರೆ ಮಾತ್ರ ಆಫ್.

"ರಬ್ಬರ್ ಚಪ್ಪಲಿ ಇದೆ, ಏನಾಗಲ್ಲ." 11,000 ವೋಲ್ಟ್ ಮುಂದೆ ಹವಾಯಿ ಚಪ್ಪಲಿ ಲೆಕ್ಕಕ್ಕೇ ಇಲ್ಲ.

"ಬಿದಿರಾದರೆ ಭಯ ಇಲ್ಲ." ಒಣಗಿದ ಬಿದಿರು ಅಲ್ಯೂಮಿನಿಯಂಗಿಂತ ಎಷ್ಟೋ ವಾಸಿ, ನಿಜ. ಆದರೆ ಹಸಿ ಬಿದಿರು, ಮಂಜಿನಲ್ಲಿ ನೆನೆದ ಬಿದಿರು ಕರೆಂಟ್ ಹರಿಸುತ್ತೆ. ಕೊಡಗಿನ ಬೆಳಗಿನಲ್ಲಿ ಒಣಗಿದ ಬಿದಿರು ಎಲ್ಲಿಂದ ಬರಬೇಕು? ಫೈಬರ್ ಏಣಿ ಇವೆರಡಕ್ಕಿಂತ ಒಳ್ಳೆಯದು, ಆದರೆ ದುಬಾರಿ, ಭಾರವೂ ಹೆಚ್ಚು. ಅದನ್ನೂ ತಂತಿಗೆ ತಾಗಿಸಬಾರದು.

"ಯಾರಿಗಾದರೂ ಶಾಕ್ ಹೊಡೆದರೆ ಒಣ ಕೋಲಿನಿಂದ ತಳ್ಳಿ." ಮನೆಯ ವೈರಿಂಗ್‌ಗೆ ಹೇಳುವ ಮಾತು ಅದು. 11 ಕೆವಿಗೆ ಅಲ್ಲ. ಏಣಿ ತಂತಿಗೆ ತಾಗಿ ನಿಂತಿದ್ದರೆ ಸುತ್ತಲಿನ ನೆಲದಲ್ಲೂ ಕರೆಂಟ್ ಹರಿಯುತ್ತಿರುತ್ತೆ. ಉಳಿಸಲು ಓಡಿದ ಎರಡನೆಯವನೂ ಬೀಳುತ್ತಾನೆ. ಎಲ್ಲರೂ ಕನಿಷ್ಠ ಹತ್ತು ಮೀಟರ್ ದೂರ ಸರಿಯಬೇಕು. ತೀರಾ ಹತ್ತಿರ ಇದ್ದವರು ಕಾಲು ಎತ್ತಿ ಓಡದೆ, ಪಾದ ಎಳೆದುಕೊಂಡು ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಹಿಂದೆ ಬರಬೇಕು. ವಿದ್ಯುತ್ ಸಹಾಯವಾಣಿ 1912ಕ್ಕೆ, ನಿಮ್ಮ ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಕರೆ ಮಾಡಿ ಲೈನ್ ಆಫ್ ಆಯಿತು ಅಂತ ಅವರ ಬಾಯಿಂದ ಕೇಳಿದ ಮೇಲೆ ಮುಟ್ಟಬೇಕು. ಕಣ್ಣೆದುರು ಜೊತೆಗಾರ ಬಿದ್ದಿರುವಾಗ ಇದನ್ನು ಪಾಲಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅದಕ್ಕೇ ಮೊದಲೇ ಹೇಳಿಡಬೇಕು.

ಇಷ್ಟನ್ನೂ ದಿನಾ ಬೆಳಿಗ್ಗೆ ಹೇಳಬೇಕಾ? ಬೇಡ. ದಿನಾ ಹೇಳಿದರೂ ಅಲ್ಯೂಮಿನಿಯಂ ಬಿದಿರಾಗಲ್ಲ. ಮೊದಲು ಅಪಾಯವನ್ನೇ ತೆಗೆಯಲು ಆಗುತ್ತಾ ನೋಡಿ. ಆಗದಿದ್ದರೆ ಜನರನ್ನು ಅದರಿಂದ ದೂರ ಇಡಿ. ಉಳಿದ ಅಪಾಯಕ್ಕೆ ಮಾತ್ರ ಮಾತು. ಲೈನ್ ಹಾದುಹೋಗುವ ಕಡೆ ನಾನು ಹೇಳುವ ಅಳತೆ ಸುಲಭ: ಏಣಿಯ ಪೂರ್ತಿ ಉದ್ದ, ಅದರ ಮೇಲೆ ಮೂರು ಮೀಟರ್. ತಂತಿಯ ನೇರ ಕೆಳಗಿನ ನೆಲದಿಂದ ಎರಡೂ ಬದಿಗೆ ಅಷ್ಟು ದೂರದೊಳಗಿನ ಪ್ರತಿ ಮರಕ್ಕೂ ಕೆಂಪು ಪಟ್ಟಿ ಬಳಿಯಿರಿ. ಏಣಿ ಯಾವ ಕಡೆ ಬಿದ್ದರೂ ತಂತಿಗೆ ತಾಗಬಾರದು, ಅಷ್ಟೇ ಇದರ ಲೆಕ್ಕ. ಕೆಂಪು ಮರಕ್ಕೆ ಅಲ್ಯೂಮಿನಿಯಂ ಏಣಿ ಇಲ್ಲ. ಅಲ್ಲಿನ ಮೆಣಸನ್ನು ಎಲ್‌ಸಿ ಸಿಕ್ಕ ದಿನ ಒಟ್ಟಿಗೆ ಕೊಯ್ಯಿರಿ. ಎಲ್‌ಸಿ ಸಿಗದಿದ್ದರೆ ಆ ಕೆಲವು ಬಳ್ಳಿಯ ಮೆಣಸು ಬಿಟ್ಟರೂ ತೋಟ ಮುಳುಗಲ್ಲ. ಏಣಿ ಸಾಗಿಸುವಾಗ ಮಲಗಿಸಿ, ಇಬ್ಬರು ಹಿಡಿದು ಸಾಗಿಸಬೇಕು. ಇಷ್ಟಾದ ಮೇಲೆ ಬೆಳಗಿನ ಮಾತಿಗೆ ಉಳಿಯುವುದು ಒಂದೇ ವಾಕ್ಯ: "ಇವತ್ತಿನ ಬ್ಲಾಕಿನಲ್ಲಿ ಕೆಂಪು ಮರ ಎಲ್ಲೆಲ್ಲಿದೆ, ತೋರಿಸಿ."

ತೋರಿಸಿ ಅಂದೆ, ಗಮನಿಸಿ. "ಗೊತ್ತಾಯ್ತಾ?" ಅಂತ ಕೇಳಲೇಬೇಡಿ. ಗೊತ್ತಾಯ್ತಾ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ, ಕನ್ನಡ ಬರದವರು ಇನ್ನೂ ಜೋರಾಗಿ ಅನ್ನುತ್ತಾರೆ. ಕೈ ಮಾಡಿ ತೋರಿಸು, ಏಣಿ ಕಟ್ಟಿ ತೋರಿಸು, ಆನೆ ಬಂದರೆ ಯಾವ ಕಡೆ ಓಡುತ್ತೀಯ ತೋರಿಸು. ಇದಕ್ಕೆ ಭಾಷೆ ಬೇಕಿಲ್ಲ. ಅಸ್ಸಾಂ ಹುಡುಗರ ಗುಂಪಿನಲ್ಲಿ ಕನ್ನಡವೋ ಹಿಂದಿಯೋ ಸ್ವಲ್ಪ ಚೆನ್ನಾಗಿ ಬರುವವನು ಒಬ್ಬ ಇದ್ದೇ ಇರುತ್ತಾನೆ. ಅವನನ್ನು ನಿಮ್ಮ ಪಕ್ಕ ನಿಲ್ಲಿಸಿಕೊಳ್ಳಿ. ಎರಡು ವಾಕ್ಯ ಹೇಳಿ, ಅವನು ಹೇಳಲಿ, ಆಮೇಲೆ ಮುಂದಿನದು. ಹೊಸಬರು ಬಂದ ಮೊದಲ ತಿಂಗಳು ಅವರನ್ನು ಹಳಬರ ಜೊತೆ ಜೋಡಿ ಮಾಡಿ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ವಾರಗಳಲ್ಲಿ ಗಾಯವಾಗುವುದು ಜಾಸ್ತಿ ಅನ್ನುವುದು ಎಲ್ಲ ಕೆಲಸಗಳಲ್ಲೂ ಕಂಡಿರುವ ಸಂಗತಿ. ಬ್ರಹ್ಮಪುತ್ರದ ಬಯಲಿನಿಂದ ಬಂದ ಹುಡುಗನಿಗೆ ಇಳಿಜಾರಿನ ಸಿಲ್ವರ್ ಓಕ್ ಹತ್ತುವುದು ಹುಟ್ಟಿನಿಂದ ಬಂದ ವಿದ್ಯೆಯಲ್ಲ.

ಒಳ್ಳೆಯ ಬೆಳಗಿನ ಮಾತು ಹೇಗಿರುತ್ತೆ ಅಂತ ಕೇಳಿದರೆ ನಾನು ಇದನ್ನು ತೋರಿಸುತ್ತೇನೆ. ಸಿದ್ದಾಪುರ ಕಡೆಯ ಒಂದು ತೋಟದಲ್ಲಿ ಕೇಳಿಸಿಕೊಂಡದ್ದು. ಕಣದಲ್ಲಿ ಅಲ್ಲ, ಕೆಲಸದ ಬ್ಲಾಕಿನಲ್ಲೇ, ಏಣಿ ಇನ್ನೂ ನೆಲದ ಮೇಲಿತ್ತು.

"ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ?" ಅಂತ ಮೇಸ್ತ್ರಿ ಕೇಳಿದರು. ಯಾರೂ ಮಾತಾಡಲಿಲ್ಲ. ಅವರು ಸುಮ್ಮನೆ ಕಾದರು.

"ರಾತ್ರಿ ಮಳೆ ಹನಿದಿದೆ. ತೊಗಟೆ ಜಾರುತ್ತೆ" ಅಂದ ಒಬ್ಬ.

ಹಿಂದೆ ನಿಂತಿದ್ದ ಎರವರ ಹಿರಿಯರೊಬ್ಬರು ಮೆಲ್ಲಗೆ ಅಂದರು, "ಕೆರೆ ಪಕ್ಕ ಆನೆ ಲದ್ದಿ ಬಿದ್ದಿದೆ. ಬಿಸಿ ಆರಿಲ್ಲ."

"ಹಾಗಾದ್ರೆ ಕೆರೆ ಸಾಲು ಈಗ ಬೇಡ. ಮೇಲಿನ ಸಾಲಿಂದ ಶುರು ಮಾಡೋಣ. ಯಾರೂ ಒಬ್ಬರೇ ನೀರಿಗೆ ಹೋಗಬೇಡಿ." ಆಮೇಲೆ ಮೇಸ್ತ್ರಿ ಮರಗಳ ಕಡೆ ನೋಡಿ ಕೇಳಿದರು, "ಹೆಜ್ಜೇನು ಎಲ್ಲಾದ್ರೂ ಕಂಡಿರಾ?"

ಒಬ್ಬ ಹುಡುಗ ದೂರದ ಮರದ ಕೊಂಬೆಯನ್ನು ಕೈ ಮಾಡಿ ತೋರಿಸಿದ. ಆ ಮರ, ಅದರ ಸುತ್ತಲಿನ ನಾಲ್ಕು ಮರ ಬಿಟ್ಟರು.

"ಯಾರಾದ್ರೂ ಬಿದ್ರೆ?"

"ಇಲ್ಲಿ ಮೊಬೈಲ್ ಸಿಗಲ್ಲ. ಗೇಟ್ ಹತ್ತಿರ ಓಡಬೇಕು."

"ಯಾರು ಓಡ್ತೀರಿ?" ಒಬ್ಬ ಕೈ ಎತ್ತಿದ. ಅಲ್ಲಿಗೆ ಮುಗಿಯಿತು. ಐದು ನಿಮಿಷವೂ ಆಗಿರಲಿಲ್ಲ.

ಆ ಮಾತಿನಿಂದ ಎರಡು ಕಡೆ ಕೆಲಸ ಬದಲಾಯಿತು. ಕೆರೆ ಸಾಲು ಬಿಟ್ಟರು, ಜೇನಿನ ಮರ ಬಿಟ್ಟರು. ನಾನು ಹೇಳಿದ್ದು ಇಲ್ಲಿ ಏನಾದರೂ ಬದಲಾಗುತ್ತೆ ಅಂತ ಒಮ್ಮೆ ಕಂಡವನು ಮರುದಿನ ತಾನಾಗಿ ಬಾಯಿ ಬಿಡುತ್ತಾನೆ. ಹೇಳಿದ ಮೇಲೂ ಅದೇ ಸಾಲಿಗೆ ಕಳಿಸಿದರೆ ಇನ್ನೊಮ್ಮೆ ಯಾಕೆ ಹೇಳುತ್ತಾನೆ? ಆನೆ ವಿಷಯದಲ್ಲಂತೂ ಲೈನ್ ಮನೆಯ ಎರವರಿಗೆ, ಕುರುಬ ಬುಡಕಟ್ಟಿನವರಿಗೆ ಗೊತ್ತಿರುವುದು ನನಗಾಗಲಿ ನಿಮಗಾಗಲಿ ಗೊತ್ತಿಲ್ಲ. ಆದರೆ ಅವರು ಸಾಹುಕಾರರ ಎದುರು ಮುಂದೆ ಬಂದು ಮಾತಾಡುವವರಲ್ಲ. ಅವರನ್ನೇ ಮೊದಲು ಕೇಳಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಂದೇಶ ನಿಮ್ಮ ಮೊಬೈಲಿಗೆ ಬರುತ್ತಿದ್ದರೆ, ಜನ ಲೈನ್ ಮನೆಯಿಂದ ಹೊರಡುವ ಮುಂಚೆಯೇ ಅದನ್ನು ತಿಳಿಸಬೇಕು. ಆನೆ ಎದುರಾಗುವುದು ಬಹಳ ಸಲ ಕೆಲಸಕ್ಕೆ ನಡೆದು ಬರುವ ದಾರಿಯಲ್ಲೇ. ಬ್ಲಾಕಿಗೆ ಬಂದ ಮೇಲೆ ಹೇಳಿದರೆ ತಡವಾಯಿತು.

ಬಿದ್ದವನನ್ನು ಸಾಗಿಸುವ ವಿಷಯ ಒಂದು ಮಾತು ಜಾಸ್ತಿ ಹೇಳುತ್ತೇನೆ, ಯಾಕಂದ್ರೆ ಇದನ್ನು ಯಾರೂ ಮೊದಲೇ ಯೋಚಿಸಿರಲ್ಲ. 108 ಆಂಬುಲೆನ್ಸ್ ನಿಮ್ಮ ತೋಟದ ಕಣಿವೆಯ ತಳಕ್ಕೆ ಬರಲ್ಲ. ಯಾವ ಗೇಟಿಗೆ ಬರಬೇಕು, ಚಾಲಕನಿಗೆ ಗುರುತು ಏನು ಹೇಳಬೇಕು, ಅಲ್ಲಿಯವರೆಗೆ ಹೊತ್ತು ತರಲು ಹಲಗೆ ಎಲ್ಲಿದೆ, ಇವೆಲ್ಲ ಮೊದಲೇ ತೀರ್ಮಾನವಾಗಿರಬೇಕು. ಎತ್ತರದಿಂದ ಬಿದ್ದವನನ್ನು ಕೈಕಾಲು ಹಿಡಿದು ಎತ್ತಿ ಜೀಪಿನ ಹಿಂದೆ ಹಾಕಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಅಲ್ಲೇ ಸೊಂಟದ ಕೆಳಗೆ ಶಾಶ್ವತವಾಗಿ ಸ್ವಾಧೀನ ಹೋಗಬಹುದು.

ಬರೆ ಕೆಲಸ ಬೇರೆಯೇ ಜಾತಿಯದ್ದು. ಅದರ ಮಾತನ್ನು ಕೊಯ್ಲಿನವರ ಜೊತೆ ಸೇರಿಸಬೇಡಿ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಜಾಸ್ತಿ ತೂಗುತ್ತೆ, ಒದ್ದೆಯಾದರೆ ಇನ್ನೂ ಹೆಚ್ಚು. ಎದೆಮಟ್ಟಕ್ಕೆ ಹೂತವನೂ ಉಸಿರು ಕಟ್ಟಿ ಸಾಯಬಹುದು. 2018ರ ಆಗಸ್ಟ್ ನೋಡಿದ ಜಿಲ್ಲೆಗೆ ಬರೆ ಕುಸಿತ ಅಂದರೆ ಏನು ಅಂತ ನಾನು ಹೇಳಬೇಕಿಲ್ಲ. ಆದರೆ ಮಳೆಗಾಲ ಮುಗಿಯಿತು, ಇನ್ನು ಭಯ ಇಲ್ಲ ಅನ್ನುವುದು ತಪ್ಪು. ಕಡಿದಾಗಿ ಕತ್ತರಿಸಿದ ಬರೆ ಬಿಸಿಲಿನಲ್ಲೂ ಕುಸಿಯುತ್ತೆ. ಒಣಗಿ ಬಿರುಕು ಬಿಟ್ಟದ್ದು ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಒಂದೇ ಸುರಿತಕ್ಕೆ ಬೀಳುತ್ತೆ. ಆದ್ದರಿಂದ ಕೆಳಗೆ ಜನ ಇಳಿಯುವ ಮುಂಚೆ ಮೇಸ್ತ್ರಿ ಮೇಲೆ ಹತ್ತಿ ಅಂಚಿನಲ್ಲಿ ಬಿರುಕು ಇದೆಯಾ, ನೀರು ಒಸರುತ್ತಿದೆಯಾ, ಅಗೆದ ಮಣ್ಣನ್ನು ಅಂಚಿನ ಮೇಲೇ ರಾಶಿ ಹಾಕಿದ್ದಾರಾ ಅಂತ ನೋಡಿ ಬರಬೇಕು. ಬುಡದಿಂದ ಮಣ್ಣು ಕೆರೆದು ಮೇಲಿನದು ತಾನಾಗಿ ಬೀಳಲಿ ಅನ್ನುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಪೂರ್ತಿ ಉದ್ದ ಒಮ್ಮೆಗೇ ತೆಗೆಯದೆ ತುಂಡು ತುಂಡಾಗಿ ತೆಗೆದು ಗೋಡೆ ಏರಿಸಿ. ಮೇಲೆಯೇ ಜನ ಮಲಗುವ ಲೈನ್ ಮನೆ ಇದ್ದರೆ ಇದು ಮೇಸ್ತ್ರಿಯ ಅಂದಾಜಿಗೆ ಬಿಡುವ ಕೆಲಸ ಅಲ್ಲ, ಎಂಜಿನಿಯರ್ ಬಂದು ನೋಡಬೇಕು. ಯಾವ ಬೆಳಗಿನ ಮಾತೂ ಅದಕ್ಕೆ ಬದಲಿ ಆಗಲ್ಲ.

ಇನ್ನು ಇದನ್ನು ನಡೆಸುವ ದಾರಿಗಳು. ದಿನಾ ಬ್ಲಾಕಿನಲ್ಲೇ ಐದು ನಿಮಿಷ ಮಾತಾಡುವುದು ನನ್ನ ಮೊದಲ ಆಯ್ಕೆ. ಅದರ ತೊಂದರೆ ಅಂದರೆ, ಕೆಲಸ ಒಂದೇ ಥರ ಇದ್ದಾಗ ಎರಡೇ ವಾರದಲ್ಲಿ ಅದು ಮತ್ತೆ ಮಂತ್ರ ಹೇಳಿದ ಹಾಗೆ ಆಗುತ್ತೆ. ಕಳೆ ತೆಗೆಯುವ, ಗೊಬ್ಬರ ಹಾಕುವ ದಿನಗಳಲ್ಲಿ ಎರಡು ನಿಮಿಷಕ್ಕೆ ಮುಗಿಸಿ. ಏಣಿ, ಮರಗಸಿ, ಬರೆ, ಔಷಧಿ ಹೊಡೆಯುವ ದಿನ ಮಾತ್ರ ನಿಂತು ಮಾತಾಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಅನ್ನುವ ಕೆಲವು ತೋಟಗಳಿವೆ. ಏಣಿ ಕಟ್ಟುವುದು, ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಬದಲು ಪೂರ್ತಿ ಮೈಗೆ ಹಾಕುವ ಬೆಲ್ಟ್ ಬಳಸುವುದು ಇಂಥದ್ದನ್ನು ಕಲಿಸಲು ಅದು ಒಳ್ಳೆಯದು. ಆದರೆ ಸೋಮವಾರದ ಮಾತಿಗೆ ಗುರುವಾರದ ಆನೆ ಗೊತ್ತಿರಲ್ಲ. ಎಲ್ಲವನ್ನೂ ಗುತ್ತಿಗೆದಾರರಿಗೆ ಬಿಡುವುದು ಸುಲಭ ಅನ್ನಿಸುತ್ತೆ. ಅವರ ಗಮನ ಕೆಜಿಯ ಮೇಲೆ ಇರುತ್ತೆ, ನಿಮ್ಮ ತೋಟದ ತಂತಿ ಎಲ್ಲಿದೆ ಅಂತಲೂ ಅವರಿಗೆ ಗೊತ್ತಿರಲ್ಲ. ಅದನ್ನು ಮಾತ್ರ ಮಾಡಬೇಡಿ.

ಬೆಳಿಗ್ಗೆ ನಿಂತಾಗ ಜನರ ಮುಖವನ್ನೂ ನೋಡಿ. ರಾತ್ರಿ ಕುಡಿದದ್ದು ಇಳಿಯದವನು, ಜ್ವರ ಬಂದವನು, ನಿದ್ದೆ ಇಲ್ಲದವನು ಏಣಿ ಹತ್ತಬಾರದು. ಆದರೆ ಅವನನ್ನು ಎಲ್ಲರ ಎದುರು ಬೈದು, ಕೂಲಿ ಇಲ್ಲದೆ ಮನೆಗೆ ಕಳಿಸಿದರೆ ನಾಳೆಯಿಂದ ಎಲ್ಲರೂ ಮುಚ್ಚಿಡುತ್ತಾರೆ. ನೆಲದ ಕೆಲಸ ಕೊಡಿ. ಉದುರಿದ ಮೆಣಸು ಹೆಕ್ಕಲಿ. ಹೆದರಿ ಹತ್ತಲ್ಲ ಅಂದವನಿಗೂ ಇದೇ. ಹೋದ ವರ್ಷ ಏಣಿ ವಾಲಿಸಿದ ಆ ಹುಡುಗ ಇನ್ನೂ ಇದ್ದಾನಾ? ಅವನಿಗೆ ಬೈದಿದ್ದೀರಾ? ಬೈದಿಲ್ಲ ಅಂದರೆ ಮೊದಲ ದಿನದ ಮಾತು ಅವನೇ ಆಡಲಿ. ಹಾಳೆಯ ಹತ್ತು ಅಂಶಕ್ಕಿಂತ ಅವನ ಎರಡು ನಿಮಿಷ ಜನ ಕಿವಿಗೊಟ್ಟು ಕೇಳುತ್ತಾರೆ.

ಸಹಿಯ ಪ್ರಶ್ನೆ. ಸಹಿ ನಿಮ್ಮನ್ನು ಬಚಾವ್ ಮಾಡುತ್ತೆ ಅಂತ ಯಾರಾದರೂ ಹೇಳಿದ್ದರೆ ನಂಬಬೇಡಿ. ತಂತಿ ಕೆಳಗೆ ಅಲ್ಯೂಮಿನಿಯಂ ಏಣಿ ಕೊಟ್ಟು ಕಳಿಸಿದ್ದು ಯಾರು ಅಂತ ವಿಚಾರಣೆಯಲ್ಲಿ ಕೇಳುತ್ತಾರೆ. ಆಗ 25 ಹೆಬ್ಬೆಟ್ಟಿನ ಗುರುತು ತೋರಿಸಿದರೆ, ಅಪಾಯ ಮೊದಲೇ ಗೊತ್ತಿತ್ತು ಅಂತ ನೀವೇ ಬರೆದುಕೊಟ್ಟ ಹಾಗೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಕೂಡ ಕೆಲಸದ ಜಾಗವನ್ನು ಅಪಾಯವಿಲ್ಲದಂತೆ ಇಡುವ ಹೊಣೆಯನ್ನು ಮಾಲೀಕರ ಮೇಲೇ ಹಾಕುತ್ತೆ. ತನ್ನ ಸುರಕ್ಷತೆಯ ಬಗ್ಗೆ ಮಾಹಿತಿ ಕೇಳುವ, ದೊಡ್ಡ ಅಪಾಯ ಕಂಡರೆ ಮಾಲೀಕರ ಗಮನಕ್ಕೆ ತರುವ ಹಕ್ಕನ್ನು ಕಾರ್ಮಿಕನಿಗೆ ಕೊಡುತ್ತೆ. ಈ ಮಾತನ್ನು ಸಾಹುಕಾರರಿಗೆ ನೀವು ಹೇಳುವುದಕ್ಕಿಂತ ಅವರ ಮಗ ಹೇಳಿದರೆ ಒಳ್ಳೆಯದು.

ಹಾಗಂತ ದಾಖಲೆ ಬೇಡ ಅಂತಲ್ಲ. ಒಂದು ನೋಟ್ ಬುಕ್ ಇಡಿ. ದಿನಾಂಕ, ಬ್ಲಾಕ್, ಇವತ್ತಿನ ಅಪಾಯ ಏನು, ಯಾರು ಹೇಳಿದರು, ಅದಕ್ಕೆ ಏನು ಮಾಡಿದೆವು. ಮೂರು ಸಾಲು ಸಾಕು. ಯಾರು ಬಂದಿದ್ದರು ಅನ್ನುವುದು ನಿಮ್ಮ ಹಾಜರಿ ಪುಸ್ತಕದಲ್ಲೇ ಇದೆ, ಅದಕ್ಕೆ ಮತ್ತೆ ಸಹಿ ಯಾಕೆ? ತಿಂಗಳ ಕೊನೆಗೆ "ಏನು ಮಾಡಿದೆವು" ಅನ್ನುವ ಜಾಗ ಬರೀ ಖಾಲಿ ಕಂಡರೆ ಮಾತು ಮತ್ತೆ ಓದುವುದಕ್ಕೆ ಇಳಿದಿದೆ ಅಂತ ತಿಳಿಯಿರಿ.

ಶುರು ಎಲ್ಲಿಂದ ಅಂದರೆ, ಸಭೆಯಿಂದ ಬೇಡ. ಮೆಣಸಿಗೆ ಏಣಿ ಹೊರಗೆ ತೆಗೆಯುವ ಮುಂಚೆ ಒಂದು ದಿನ ಇಬ್ಬರನ್ನು ಕರೆದುಕೊಂಡು, ಕೆಂಪು ಪೇಂಟ್ ಹಿಡಿದು ಲೈನ್ ಕೆಳಗೆ ಈ ತುದಿಯಿಂದ ಆ ತುದಿಗೆ ನಡೆಯಿರಿ. ಜೊತೆಗೆ ಬರುವವರಲ್ಲಿ ಒಬ್ಬ ಹೋದ ವರ್ಷದ ಆ ಹುಡುಗ ಆಗಿರಲಿ. ತಂತಿ ಎಲ್ಲಾದರೂ ಜೋತು ಬಿದ್ದಿದ್ದರೆ, ಕೊಂಬೆ ತಾಗುತ್ತಿದ್ದರೆ ಫೋಟೊ ತೆಗೆದು ಸೆಸ್ಕ್ (ನಿಮ್ಮ ಕಡೆಯ ಕರೆಂಟ್ ಕಂಪನಿ) ಸೆಕ್ಷನ್ ಆಫೀಸಿಗೆ ಬರವಣಿಗೆಯಲ್ಲಿ ದೂರು ಕೊಡಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡು ಬನ್ನಿ.